ಅಂಬುಜಕ್ಕ ಒರಗಿದ ಪೊರೆ

ನಮ್ಮೂರಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಯ ಕೈಲಿ ಹಾಡು ಹೇಳಿಸುವುದಿಲ್ಲ, ಅಡುಗೆ ಬರುತ್ತದಾ ಎಂದು ಕೇಳುವುದೂ ಇಲ್ಲ. ಉಪ್ಪಿಟ್ಟು, ಕಾಫಿ ಮುಗಿದ ಮೇಲೆ ಗಂಡಿನ ತಾಯಿ, ಅಲ್ಲಿ ಸ್ವಲ್ಪ ಒರಗಿ ನಿಂತುಕೊಳ್ಳಮ್ಮ ಅನ್ನುತ್ತಾರೆ. ಹುಡುಗಿ ಪೊರೆಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ. ಎಲ್ಲರೂ ಹುಡುಗಿಯನ್ನು ಬಿಟ್ಟು ಅವಳ ಹಿಂದಿನ ಪೊರೆಯನ್ನೇ ನೋಡುತ್ತಾರೆ. ಅದು ಇದ್ದ ಹಾಗೇ ಇದ್ದರೆ ತಾಂಬೂಲದ ಮಾತು ಶುರುವಾಗುತ್ತದೆ. ಒಂಚೂರು ಉಬ್ಬಿದರೂ ಸಾಕು, ಯಾರೋ ಕೆಮ್ಮುತ್ತಾರೆ, ಜಾತಕ ಇನ್ನೊಮ್ಮೆ ತೋರಿಸಬೇಕು ಅನ್ನುತ್ತಾರೆ, ಚಪ್ಪಲಿ ಹುಡುಕತೊಡಗುತ್ತಾರೆ.

ಬೇರೆ ಊರಿನವರು ಗೋಡೆ ಅನ್ನುತ್ತಾರಲ್ಲ, ಅದನ್ನೇ ನಾವು ಪೊರೆ ಅನ್ನುವುದು. ಕಾಯಿಸಿ ಆರಿಸಿದ ಹಾಲಿನ ಕೆನೆಯ ಹಾಗೆ ಹೊಳೆಯುತ್ತದೆ, ಬೆರಳಿಟ್ಟರೆ ತಣ್ಣಗೆ, ಜಿಡ್ಡುಜಿಡ್ಡಾಗಿರುತ್ತದೆ. ವರ್ಷಕ್ಕೊಮ್ಮೆ ಎಳ್ಳೆಣ್ಣೆ ಉಣಿಸಬೇಕು. ಕೊಬ್ಬರಿ ಎಣ್ಣೆ ಹಚ್ಚಿದವರ ಮನೆ ಚಳಿಗಾಲದಲ್ಲಿ ಬಿಗಿದುಕೊಂಡು ಜೋರಾಗಿ ಸೀನಿದರೂ ಬಿರುಕು ಬಿಡುತ್ತದೆ. ಇಷ್ಟು ನೋಡಿಕೊಂಡರೆ ಪೊರೆ ತನ್ನ ಪಾಡಿಗೆ ತಾನಿರುತ್ತದೆ. ತೊಂದರೆ ಕೊಡುವುದು ಮನುಷ್ಯರು. ಕೆಲವರು ಒರಗಿದರೆ ಅದು ಅಲುಗುವುದಿಲ್ಲ, ಕೆಲವರು ಒರಗಿದರೆ ಹೊರಕ್ಕೆ ಉಬ್ಬುತ್ತದೆ, ಕೆಲವರು ಒರಗಿದರೆ ಅವರನ್ನೇ ತಬ್ಬಿಕೊಳ್ಳಲು ಬಂದ ಹಾಗೆ ಒಳಕ್ಕೆ ಬರುತ್ತದೆ.

ನನ್ನದು ಸಪಾಟು ಮೈ, ಒರಗಿದರೆ ಪೊರೆ ಅಲುಗುವುದಿಲ್ಲ. ನಮ್ಮ ಯಜಮಾನರು ಫಣೀಂದ್ರ, ಅವರದೂ ಸಪಾಟು ಮೈ, ಮತ್ತು ಅದರ ಬಗ್ಗೆ ಅವರಿಗೆ ಸ್ವಲ್ಪ ಹೆಮ್ಮೆಯೂ ಇದೆ. ನಮ್ಮ ಮದುವೆಯ ದಿನ ಮಾತ್ರ ಐಸ್‌ಕ್ರೀಮ್ ಇಟ್ಟ ಮೂಲೆಯಲ್ಲಿ ಜನ ಕಿಕ್ಕಿರಿದು, ಎಲ್ಲರೂ ಸಪಾಟು ಮೈಯವರೇ ಆದರೂ ಜಾಗ ಸಾಲದೆ ನೂಕಾಡಿ, ಪೊರೆ ಅಲ್ಲಿ ಬುಡ್ಡೆಯ ಹಾಗೆ ಹೊರಕ್ಕೆ ಹೋಯಿತು. ಆಮೇಲೆ ಒಳಕ್ಕೆ ಬರಲೇ ಇಲ್ಲ. ಈಗ ಅಲ್ಲಿ ಗ್ಯಾಸ್ ಸಿಲಿಂಡರ್ ಇಡುತ್ತೇವೆ.

ನಾನು ಹೇಳಬೇಕೆಂದಿರುವುದು ನನ್ನ ಗಂಡನ ಅಕ್ಕ ಅಂಬುಜಾಕ್ಷಿಯ ವಿಷಯ. ನಾನೂ ಅವರನ್ನು ಅಂಬುಜಕ್ಕ ಎಂದೇ ಕರೆಯುತ್ತಿದ್ದೆ. ಅವರು ಒರಗಿದರೆ ಪೊರೆ ಉಬ್ಬುವುದಲ್ಲ, ಹೊರಟೇ ಹೋಗುತ್ತಿತ್ತು. ಅವರನ್ನು ನೋಡಲು ಬಂದ ಮೊದಲ ಗಂಡಿನ ಕಡೆಯವರ ಎದುರು ಹೀಗೆ ಒರಗಿ ನಿಂತಾಗ ಪೊರೆ ಚೀಲದಂತೆ ಬೀದಿಗೆ ಇಳಿದು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಗಂಡಿನ ತಂದೆ ಕುರ್ಚಿ ಸಮೇತ ಆ ಚೀಲದೊಳಕ್ಕೆ ಜಾರಿದರಂತೆ. ಅವರನ್ನು ಎಳೆದು ತೆಗೆಯುವಾಗ ಕೈಲಿದ್ದ ಕಾಫಿ ಲೋಟ ಹಾಗೇ ಇತ್ತು ಎಂದು ನಮ್ಮತ್ತೆ ಸಾಯುವವರೆಗೂ ಮೆಚ್ಚಿಕೊಳ್ಳುತ್ತಿದ್ದರು. ಸಂಬಂಧ ಮಾತ್ರ ಕುದುರಲಿಲ್ಲ. ಆಮೇಲೆ ಬಂದವರು ಇನ್ನೂ ಬೇಗ ಎದ್ದು ಹೋದರು. ಕೊನೆಗೆ ಯಾರೂ ಬರದಾದರು.

ನಾನು ಸೊಸೆಯಾಗಿ ಬಂದಾಗ ಅಂಬುಜಕ್ಕನಿಗೆ ನಲವತ್ತು ದಾಟಿತ್ತು. ಹೆಂಗಸರ ರವಿಕೆ ಹೊಲಿಯುತ್ತಿದ್ದರು. ಅವರು ಹೊಲಿಯುವಂಥ ಬುಗ್ಗೆ ತೋಳನ್ನು ಊರಲ್ಲಿ ಬೇರೆ ಯಾರೂ ಹೊಲಿಯುತ್ತಿರಲಿಲ್ಲ. ಮನೆಯ ಸಂದಿ ಕಡೆಯ ಕೋಣೆ ಅವರದು. ಹೊಲಿಗೆ ಮಷಿನ್ನನ್ನು ಕೋಣೆಯ ನಟ್ಟ ನಡುವೆ ಇಟ್ಟುಕೊಂಡು, ಬೆನ್ನಿಲ್ಲದ ಸ್ಟೂಲಿನ ಮೇಲೆ ಕೂತು, ಯಾವ ಪೊರೆಗೂ ತಾಗದ ಹಾಗೆ ಕೆಲಸ ಮಾಡುತ್ತಿದ್ದರು. ಬೇರೆಯವರ ಮನೆಗೆ ಹೋದರೆ ಹೊಸಿಲ ಹತ್ತಿರವೇ ಯಾರಾದರೂ, ಒರಗಬೇಡಮ್ಮಾ ಅಂಬುಜ, ಅನ್ನುತ್ತಿದ್ದರು. ಸತ್ತವರ ಮನೆಗೆ ಮಾತಾಡಿಸಲು ಹೋದಾಗಲೂ ಅಷ್ಟೆ. ಅವರು ನಕ್ಕು, ಇಲ್ಲ ಇಲ್ಲ, ಅನ್ನುತ್ತಿದ್ದರು. ಎಷ್ಟೇ ಜಾಗ್ರತೆ ಮಾಡಿದರೂ ದಿನಕ್ಕೊಮ್ಮೆ ಬೆನ್ನು ಸೋತು ಹಿಂದಕ್ಕೆ ವಾಲುತ್ತಿತ್ತಲ್ಲ, ಅದರಿಂದಲೇ ಆ ಕೋಣೆಯ ಪೊರೆ ಸಂದಿಯ ಕಡೆಗೆ ಬೆಳೆದು ಬೆಳೆದು ಮಾವಿನಕಾಯಿಯ ಹೊಟ್ಟೆಯ ಹಾಗೆ ಆಗಿತ್ತು.

ಸಂದಿ ಅಂದರೆ ನಮ್ಮ ಮನೆಗೂ ಗಂಗೂಬಾಯಿಯ ಮನೆಗೂ ನಡುವೆ ಇದ್ದ ಓಣಿ. ಒಬ್ಬರು ಅಡ್ಡಡ್ಡ ನಡೆದು ಹೋಗಬಹುದಾದಷ್ಟು ಅಗಲ, ಕೆಳಗೆ ಮೋರಿಯ ನೀರು. ಗಂಗೂಬಾಯಿ ಆ ಕಡೆಯ ಕೋಣೆಯನ್ನು ಬಾಡಿಗೆಗೆ ಕೊಡುತ್ತಿದ್ದರು. ಒಂದು ಜೂನ್ ತಿಂಗಳಲ್ಲಿ ಆ ಕೋಣೆಗೆ ಗುಣಪಾಲ ಮೇಷ್ಟ್ರು ಬಂದರು.

ಮೇಷ್ಟ್ರು ಕಡಲ ಕಡೆಯವರು. ನಮ್ಮೂರ ಹೈಸ್ಕೂಲಿಗೆ ಜೀವಶಾಸ್ತ್ರ ಕಲಿಸಲು ಬಂದವರು. ಐವತ್ತರ ಹತ್ತಿರ ವಯಸ್ಸು, ಮದುವೆಯಾಗಿರಲಿಲ್ಲ, ಯಾಕೆ ಎಂದು ಕೇಳಿದರೆ, ಪುರುಸೊತ್ತು ಆಗ್ಲಿಲ್ಲ, ಅನ್ನುತ್ತಿದ್ದರು. ಬಸ್ಸಿಳಿದು ಮೊದಲ ಪೊರೆಯನ್ನು ಕಂಡವರೇ ಕೈಚೀಲ ಕೆಳಗಿಟ್ಟು, ಅದನ್ನು ಮುಟ್ಟಿ, ಮೂಸಿ, ಕಣ್ಣಲ್ಲಿ ನೀರು ತಂದುಕೊಂಡರಂತೆ. ಅದು ಬಸ್ ಸ್ಟ್ಯಾಂಡಿನ ಮೂತ್ರಾಲಯದ ಪೊರೆ. ಇಡೀ ಊರು ಅದನ್ನು ಹೇಳಿಕೊಂಡು ನಕ್ಕಿತು. ಶಾಲೆಯಲ್ಲಿ ಕಪ್ಪು ಹಲಗೆ ಬೇಡ, ಪೊರೆಯ ಮೇಲೇ ಚಿತ್ರ ಬರೆದು ತೋರಿಸುತ್ತೇನೆ ಎಂದು ಹೋಗಿ, ಜಿಡ್ಡಿಗೆ ಸೀಮೆಸುಣ್ಣ ಹತ್ತದೆ, ಗೀಚಿದ್ದೆಲ್ಲ ಜಾರಿ ನೆಲಕ್ಕೆ ಬಿತ್ತು.

ಮೇಷ್ಟ್ರು ಬಂದ ಮೇಲೆ ಒಂದು ದಿನ ನಮ್ಮ ಮನೆಗೆ ಬಂದು, ಸಂದಿ ಕಡೆ ಯಾರು ಕೂರುವುದು ಎಂದು ಕೇಳಿದರು. ಅಂಬುಜಕ್ಕ ಸ್ಟೂಲಿನಿಂದ ಎದ್ದೇಬಿಟ್ಟರು. ಉಬ್ಬು ಅವರ ಕಿಟಕಿಗೆ ಅಡ್ಡ ಬಂದಿರಬೇಕು, ಬೆಳಕು ಹೋಗಿರಬೇಕು, ಇವತ್ತೇ ಹರಳೆಣ್ಣೆ ಹಚ್ಚಿ ಒಳಕ್ಕೆ ತಟ್ಟಿಸುತ್ತೇನೆ ಎಂದು ಒಂದೇ ಉಸಿರಿಗೆ ಕ್ಷಮೆ ಕೇಳತೊಡಗಿದರು. ಮೇಷ್ಟ್ರು ಕೈ ಅಡ್ಡ ಹಿಡಿದರು.

"ಕಂಪ್ಲೇಂಟು ಹೇಳ್ಲಿಕ್ಕೆ ಬಂದದ್ದಲ್ಲ ಮಾರಾಯ್ರೆ ನಾನು. ನೀವು ಒಮ್ಮೆ ಒರಗಿ ಕೂತ್ಕೊಳ್ಳಿ. ನನಗೆ ನೋಡ್ಬೇಕು."

ಅಂಬುಜಕ್ಕ ನನ್ನ ಮುಖ ನೋಡಿದರು. ಅಂಥ ಮಾತನ್ನು ಅವರು ಕೇಳಿ ಇಪ್ಪತ್ತು ವರ್ಷದ ಮೇಲಾಗಿತ್ತು, ಮತ್ತು ಆಗ ಕೇಳಿದವರು ಅದಾದ ಮೇಲೆ ತಾಂಬೂಲವನ್ನೂ ಮುಟ್ಟದೆ ಎದ್ದು ಹೋಗಿದ್ದರು. ಬೇಡ ಅಂದರು. ಮೇಷ್ಟ್ರು ಬಿಡಲಿಲ್ಲ. ಕೊನೆಗೆ ಅಂಬುಜಕ್ಕ ಸ್ಟೂಲನ್ನು ಹಿಂದಕ್ಕೆ ಎಳೆದುಕೊಂಡು, ಹಲ್ಲು ಕೀಳಿಸಿಕೊಳ್ಳಲು ಕೂತವರ ಹಾಗೆ ಕಣ್ಣು ಮುಚ್ಚಿ ಒರಗಿದರು. ಪೊರೆ ಸದ್ದಿಲ್ಲದೆ ಹಿಂದಕ್ಕೆ ಸರಿದು ದುಂಡಗಾಯಿತು. ಅವರ ಸೊಂಟದಿಂದ ತಲೆಯವರೆಗೆ ಎಲ್ಲೂ ಬಿಡದೆ ಹೊಂದಿಕೊಂಡಿತು. ಮೇಷ್ಟ್ರು ಓಡಿಹೋಗಿ ತಮ್ಮ ಕೋಣೆಯ ಕಿಟಕಿಯಿಂದ ನೋಡಿದರು, ಮತ್ತೆ ಓಡಿಬಂದು ಇಲ್ಲಿಂದ ನೋಡಿದರು. ತಲೆ ಆಡಿಸುತ್ತ ಹೊರಟುಹೋದರು. ಅಂಬುಜಕ್ಕ ಕಣ್ಣು ತೆರೆದು, "ಹೋದ್ರಾ?" ಅಂದರು. ಹೋದರು ಅಂದೆ. ಅವರು ಒರಗಿದಲ್ಲಿಂದ ಏಳಲಿಲ್ಲ. ಆ ದಿನದ ಮಿಕ್ಕ ರವಿಕೆಯನ್ನೆಲ್ಲ ಅಲ್ಲಿಗೇ ಮಷಿನ್ ಎಳೆದುಕೊಂಡು ಹೊಲಿದರು.

ಅಲ್ಲಿಂದ ಸಂಜೆ ಹೊತ್ತು ಕಿಟಕಿಯಿಂದ ಕಿಟಕಿಗೆ ಮಾತು ಶುರುವಾಯಿತು. ನಾನು ಹುಕ್ಸ್ ಹಾಕುತ್ತ, ಕಾಜಾ ಮಾಡುತ್ತ ಅಲ್ಲೇ ಕೂತಿರುತ್ತಿದ್ದೆ. ಮೇಷ್ಟ್ರಿಗೆ ಬೇರೆ ಮಾತು ಬರುತ್ತಿರಲಿಲ್ಲ. ನಮ್ಮ ಮೈಯೊಳಗೆ ಲೆಕ್ಕವಿಲ್ಲದಷ್ಟು ಜೀವಕೋಶಗಳಿವೆ, ಒಂದೊಂದಕ್ಕೂ ಇಂಥದೇ ಪೊರೆ ಇದೆ ಎಂದರು. ಆ ಪೊರೆ ಕೊಬ್ಬಿನದು. ಕೊಬ್ಬಿನ ಒಂದೊಂದು ಕಣಕ್ಕೂ ಒಂದು ತಲೆ, ಎರಡು ಬಾಲ. ತಲೆಗೆ ನೀರು ಅಂದರೆ ಪ್ರೀತಿ, ಬಾಲಕ್ಕೆ ನೀರು ಅಂದರೆ ಆಗದು. ಅದಕ್ಕೇ ಅವು ಎರಡು ಸಾಲಾಗಿ, ಬಾಲಕ್ಕೆ ಬಾಲ ಸೇರಿಸಿ, ತಲೆ ಹೊರಗಿಟ್ಟುಕೊಂಡು ನಿಂತಿವೆ. ನಿಂತು ನಿಂತು ಪೊರೆಯಾಗಿವೆ. ಹೆಚ್ಚಾಗಿ ಅವು ಚಪ್ಪಟೆಯಾಗಿಯೇ ಇರುತ್ತವೆ, ಅವನ್ನು ಎಳೆದು, ಬಾಗಿಸಿ, ಗುಳ್ಳೆ ಮಾಡಿ, ಕೊಳವೆ ಮಾಡಿ ಆಡಿಸುವುದು ಪ್ರೋಟೀನು ಎಂದರು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಫಣೀಂದ್ರ, ಪ್ರೋಟೀನು ಅಂದರೆ ಬೇಳೆಯಲ್ಲಿರುವುದೇ ತಾನೆ ಎಂದು ಕೇಳಿದರು. ಜಾತಿ ಅದೇ ಎಂದು ಮೇಷ್ಟ್ರು ಒಪ್ಪಿಕೊಂಡರು. ಅಷ್ಟು ಸಾಕಾಯಿತು. ಅಕ್ಕನ ಮೈಯ ದೋಷದ ಮೂಲ ಸಿಕ್ಕಿತು ಎಂದು ನಮ್ಮವರು ಮಾರನೆಯ ದಿನದಿಂದ ಮನೆಯಲ್ಲಿ ಬೇಳೆ ಬಂದ್ ಮಾಡಿದರು. ಹುಣಸೆ ನೀರಿನಂಥ ಸಾರನ್ನು ನಾವೆಲ್ಲ ಬಾಯಿ ಮುಚ್ಚಿಕೊಂಡು ಉಂಡೆವು. ಅಂಬುಜಕ್ಕ ಒರಗಿದರೆ ಪೊರೆ ಮೊದಲಿನ ಹಾಗೇ ಉಬ್ಬುತ್ತಿತ್ತು. ಕೊನೆಗೆ ಫಣೀಂದ್ರ ಅವರಿಗೇ ತಲೆ ಸುತ್ತು ಬಂದು ಬೇಳೆ ವಾಪಸ್ಸು ಬಂತು.

ಇನ್ನೊಂದು ಸಂಜೆ ಮೇಷ್ಟ್ರು ಅಂಬುಜಕ್ಕ ಯಾವ ಜಾತಿಯ ಪ್ರೋಟೀನು ಎಂದು ಕಂಡುಹಿಡಿದೆ ಎಂದು ಹೇಳಿದರು. ಕೆಲವು ಪ್ರೋಟೀನುಗಳು ಬೆಣೆಯ ಹಾಗೆ ಕೊಬ್ಬಿನ ಒಂದು ಸಾಲಿನೊಳಗೆ ಮಾತ್ರ ತೂರಿ ಅದನ್ನು ಅಗಲಿಸುತ್ತವಂತೆ, ಆಗ ಪೊರೆ ಬಾಗುತ್ತದಂತೆ. ಕೆಲವು ಬರೀ ಒಂದೇ ಕಡೆ ಗುಂಪು ಕೂಡಿಯೇ ಬಾಗಿಸುತ್ತವಂತೆ. ನಮ್ಮ ಮದುವೆಯ ಐಸ್‌ಕ್ರೀಮು ಎಂದು ನಾನು ಅಂದುಕೊಂಡೆ. ಇನ್ನು ಕೆಲವು ಹುಟ್ಟಾ ಬಾಗಿದಂಥವು, ಬಾಳೆಹಣ್ಣಿನ ಹಾಗೆ. ಪೊರೆ ಅವುಗಳ ಬೆನ್ನಿಗೆ ಅಂಟಿಕೊಂಡು ಅದೇ ಬಾಗನ್ನು ತಾನೂ ತಾಳುತ್ತದೆ. ನೀವು ಬಾಳೆಹಣ್ಣು, ಸಂಶಯವೇ ಇಲ್ಲ, ಎಂದು ಮೇಷ್ಟ್ರು ಬಹಳ ಸಂತೋಷದಿಂದ ಹೇಳಿದರು. ಅಂಬುಜಕ್ಕ ಕಿಟಕಿ ಹಾಕಿಬಿಟ್ಟರು. ಎರಡು ದಿನ ತೆರೆಯಲಿಲ್ಲ. ಮಷಿನ್ ತುಳಿಯುತ್ತ, ಬಾಳೆಹಣ್ಣಂತೆ, ಬಾಳೆಹಣ್ಣಂತೆ, ಅನ್ನುತ್ತಿದ್ದರು. ಮೂರನೆಯ ದಿನ ಮೇಷ್ಟ್ರು ಸಂದಿಯ ಮೋರಿಯಲ್ಲಿ ಪ್ಯಾಂಟು ಮಡಚಿ ನಿಂತು, ಹೊರಗಿನಿಂದಲೇ ಪೊರೆಗೆ ಬಾಯಿ ಹಚ್ಚಿ, ತಾನು ಹೇಳಿದ್ದರಲ್ಲಿ ಅರ್ಧ ಬಿಟ್ಟುಹೋಗಿತ್ತು ಎಂದರು.

"ಬಾಗಿದ್ದು ಪೊರೆಯನ್ನು ಬಾಗಿಸುವುದು ಮಾತ್ರ ಅಲ್ಲ. ಪೊರೆ ಎಲ್ಲಿ ಬಾಗಿ ಉಂಟೋ, ಅಂಥದೇ ಇನ್ನೊಂದು ಹುಡುಕಿಕೊಂಡು ಅಲ್ಲಿಗೇ ಬರ್ತದೆ. ಬಂದು ಕೂತ್ಕೊಳ್ತದೆ. ಅದನ್ನು ಹೇಳ್ಲಿಕ್ಕೆ ಮರ್ತದ್ದು."

ಅಂಬುಜಕ್ಕ ಮಷಿನ್ ನಿಲ್ಲಿಸಿದರು. ಆಮೇಲೆ ಕಿಟಕಿ ತೆರೆದು, ಮೋರಿಯಿಂದ ಮೇಲೆ ಬನ್ನಿ, ಹುಳ ಕಚ್ಚುತ್ತದೆ, ಅಂದರು.

ಮೇಷ್ಟ್ರು ತಮ್ಮ ಕುರ್ಚಿಯನ್ನೂ ಸಂದಿ ಕಡೆಯ ಪೊರೆಗೆ ಒತ್ತಿ ಹಾಕಿಕೊಂಡರು. ಹೊರಗಿನವರನ್ನು ನಮ್ಮೂರ ಪೊರೆ ಬೇಗ ಗುರುತಿಸುವುದಿಲ್ಲ. ಅವರು ಮಳೆಗಾಲವಿಡೀ ಒರಗಿದರೂ ಏನೂ ಆಗಲಿಲ್ಲ. ನವರಾತ್ರಿ ಹೊತ್ತಿಗೆ ಒಂದು ಬೆಳಿಗ್ಗೆ ನೋಡಿದರೆ ಅವರ ಕಡೆಯಿಂದಲೂ ಒಂದು ಉಬ್ಬು, ಮೊದಲು ನಿಂಬೆಹಣ್ಣಿನಷ್ಟು, ಆಮೇಲೆ ತೆಂಗಿನಕಾಯಿಯಷ್ಟು. ಮೇಷ್ಟ್ರು ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳಿಗೆಲ್ಲ ಅದನ್ನು ಸಾರಿ ಹೇಳಿದರಂತೆ. ಸಾಯಂಕಾಲದೊಳಗೆ ಊರಿಗೆಲ್ಲ ಗೊತ್ತಾಯಿತು. ಚಳಿಗಾಲ ಬರುವುದರೊಳಗೆ ಎರಡೂ ಉಬ್ಬುಗಳು ಸಂದಿಯಲ್ಲಿ ಮುಖಾಮುಖಿಯಾದವು, ನಡುವೆ ಇಬ್ಬನಿ ಇಳಿದು ನಿಂತ ಒಂದು ಎಳೆ ನೀರು ಮಾತ್ರ. ಓಣಿಯಲ್ಲಿ ಓಡಾಡುತ್ತಿದ್ದವರು ಮಂಡಿಯೂರಿ ಅಡಿಯಿಂದ ತೂರಬೇಕಾಯಿತು. ಫಣೀಂದ್ರ ಅಕ್ಕನ ಎದುರು ಗಟ್ಟಿಯಾಗಿ ಏನೂ ಅನ್ನುತ್ತಿರಲಿಲ್ಲ, ಊಟದ ಹೊತ್ತಿನಲ್ಲಿ ನನ್ನ ಹತ್ತಿರ, ನಾಲ್ಕು ಜನ ನೋಡುವ ಸಂದಿ ಅದು, ಅನ್ನುತ್ತಿದ್ದರು.

ಅದು ಆದದ್ದು ಸಂಕ್ರಾಂತಿ ಕಳೆದ ಮೇಲೆ. ಆ ಸಂಜೆ ನಾನು ಅಲ್ಲೇ ಇದ್ದೆ, ಮೊಳಕಾಲ ಮೇಲೆ ಯಾರದೋ ನೇರಳೆ ರವಿಕೆ ಇತ್ತು. ಎರಡು ಪೊರೆ ಬರೀ ತಾಗಿದರೆ ಒಂದಾಗುವುದಿಲ್ಲ ಎಂದು ಮೇಷ್ಟ್ರು ಆ ಕಡೆಯಿಂದ ವಿವರಿಸುತ್ತಿದ್ದರು. ನಡುವಿನ ನೀರನ್ನು ಕೊಬ್ಬಿನ ತಲೆಗಳು ಬಿಟ್ಟುಕೊಡುವುದಿಲ್ಲ. ಆ ಕಡೆಯದೊಂದು, ಈ ಕಡೆಯದೊಂದು ದಾರದಂಥ ಪ್ರೋಟೀನು ಬಂದು ಒಂದಕ್ಕೊಂದು ಸುತ್ತಿಕೊಂಡು, ತಿರುಚಿಕೊಂಡು, ಎಳೆದು ಎಳೆದು ನೀರನ್ನು ಹಿಂಡಿ ಹೊರಗೆ ಹಾಕಬೇಕು. ಜಡೆ ಹೆಣೆದ ಹಾಗಾ ಎಂದು ಅಂಬುಜಕ್ಕ ಕೇಳಿದರು. ಹೌದು, ಆದರೆ ಜಡೆ ಹೇಗೆ ಹೆಣೆಯುತ್ತಾರೆ ಎಂದು ನನಗೆ ಗೊತ್ತಿಲ್ಲ ಎಂದರು ಮೇಷ್ಟ್ರು. ಕೈ ಕೊಡಿ ತೋರಿಸುತ್ತೇನೆ ಎಂದರು ಅಂಬುಜಕ್ಕ.

ಅವರ ಮನಸ್ಸಿನಲ್ಲಿ ಏನಿತ್ತು ಎಂದು ನಾನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಜಡೆಯೇ ಇತ್ತು ಅನ್ನುತ್ತಾರೆ. ಅವರು ಈ ಕಡೆಯಿಂದ ಅಂಗೈ ಒತ್ತಿದರು, ಮೇಷ್ಟ್ರು ಆ ಕಡೆಯಿಂದ. ಎರಡು ಪೊರೆಯ ಮೂಲಕ, ಕೈಗವಸು ತೊಟ್ಟ ಕೈಗಳ ಹಾಗೆ, ಬೆರಳ ಸಂದಿಗೆ ಬೆರಳು ಸೇರಿದವು. ಒಂದು ಸುತ್ತು ತಿರುಚಿದರು. ಇನ್ನೊಂದು ಸುತ್ತು. ನಡುವಿನ ನೀರು ಸಣ್ಣಗೆ ತೊಟ್ಟಿಕ್ಕಿ ಮೋರಿಗೆ ಬಿತ್ತು. ಆಮೇಲೆ ಉಬ್ಬಿದ ಪೂರಿಗೆ ಬೆರಳು ಚುಚ್ಚಿದಾಗ ಬರುವಂಥ ಸದ್ದು ಬಂತು. ಪೊರೆ ಬಾಯಿ ಬಿಟ್ಟಿತು. ನಮ್ಮ ಅಂಬುಜಕ್ಕ ಮತ್ತು ಗುಣಪಾಲ ಮೇಷ್ಟ್ರು ಒಂದೇ ಕೋಣೆಯಲ್ಲಿ ಕೈ ಹಿಡಿದುಕೊಂಡು ನಿಂತಿದ್ದರು. ಅವರ ಹಿಂದೆ ಗಂಗೂಬಾಯಿಯ ಅಡುಗೆಮನೆಯಿಂದ ಇಂಗಿನ ಒಗ್ಗರಣೆಯ ಘಾಟು ನೇರ ನಮ್ಮ ನಡುಮನೆಗೆ ಬಂತು. ಗಂಗೂಬಾಯಿಯ ಬೆಕ್ಕು ಯಾರನ್ನೂ ಕೇಳದೆ ನಮ್ಮ ಹಾಲಿನ ಪಾತ್ರೆಯ ಕಡೆ ನಡೆಯಿತು.

ಇಬ್ಬರೂ ಕೈ ಬಿಡುವುದನ್ನು ಮರೆತಿದ್ದರು. ನಾನೇ ಕೆಮ್ಮಿದೆ.

ಮಾರನೆಯ ದಿನದಿಂದ ನಮ್ಮ ಮನೆಗೆ ಇಡೀ ಊರು ಬಂತು, ನೋಡಲು. ಪುರಸಭೆಯವರೂ ಬಂದರು. ನಮ್ಮೂರ ಕಾನೂನಿನಲ್ಲಿ ಒಂದು ಪೊರೆ ಅಂದರೆ ಒಂದು ಮನೆ, ಒಂದು ಸಂಸಾರ, ಒಂದು ನಲ್ಲಿ. ಎರಡು ಮನೆ ಕೂಡಿರುವುದರಿಂದ ನಮ್ಮ ನಲ್ಲಿಯನ್ನೋ ಗಂಗೂಬಾಯಿಯ ನಲ್ಲಿಯನ್ನೋ ಕಿತ್ತುಹಾಕಬೇಕು, ಯಾವುದು ಎಂದು ನೀವೇ ಸಂಸಾರದಲ್ಲಿ ಕೂತು ಮಾತಾಡಿಕೊಳ್ಳಿ ಎಂದು ಹೇಳಿ ಹೋದರು. ಫಣೀಂದ್ರ ಮತ್ತು ಗಂಗೂಬಾಯಿ ಅಲ್ಲಿಯವರೆಗೆ ಒಂದು ದಿನವೂ ಜಗಳವಾಡಿದವರಲ್ಲ. ಒಂದು ಸಂಸಾರವಾದ ಮೇಲೆ ದಿನವೂ ಆಡಿದರು. ಗಂಗೂಬಾಯಿ ಮೇಷ್ಟ್ರಿಗೆ ಕೋಣೆ ಖಾಲಿ ಮಾಡಲು ಹೇಳಿದರು. ಫಣೀಂದ್ರ ಅಕ್ಕನನ್ನು ಕೂರಿಸಿಕೊಂಡು, ಪೊರೆಗಳನ್ನು ಬೇರೆ ಮಾಡಿಸುತ್ತೇನೆ, ಆಮೇಲೆ ಮಷಿನ್ನು ನಡುಮನೆಯ ಮಧ್ಯೆ ಇರಲಿ, ಸ್ಟೂಲಿನ ಕಾಲುಗಳನ್ನು ನೆಲಕ್ಕೆ ಬಿಗಿಸುತ್ತೇನೆ, ಇನ್ನು ಪೊರೆಯ ಹತ್ತಿರ ಸುಳಿಯಬೇಡ ಎಂದರು. ಅವರ ದನಿ ಕಠಿಣವಾಗಿರಲಿಲ್ಲ. ನಾಚಿಕೆಯಿಂದ ಕುಗ್ಗಿದ ಮನುಷ್ಯನ ದನಿಯಾಗಿತ್ತು.

ಅಂಬುಜಕ್ಕ ಹೇಳಿದರು: "ನಿನ್ನ ಮನೆ ಕೆಡಿಸ್ಬೇಕು ಅಂತ ನಾನು ಒರಗಲಿಲ್ಲ ಕಣೋ ಫಣಿ. ಬೆನ್ನು ನೋಯ್ತಿತ್ತು."

ಫಣೀಂದ್ರ ಎದ್ದು ಅಂಗಿ ಹಾಕಿಕೊಂಡು ಕುಣಿಕೆಯವರನ್ನು ಕರೆಯಲು ಹೋದರು.

ಕುಣಿಕೆಯವರು ಅಂದರೆ ಅಣ್ಣತಮ್ಮಂದಿರು ಪಾಲಾಗುವಾಗ ಬಂದು ಮನೆ ಬೇರೆ ಮಾಡಿಕೊಡುವವರು. ಮನೆಯ ನಡುವಿಗೆ ಸುರುಳಿ ಸುರುಳಿಯಾಗಿ ಹಗ್ಗ ಸುತ್ತಿ, ಎರಡೂ ಕಡೆ ಹಿಡಿದು ತಿರುಚುತ್ತಾರೆ. ಪೊರೆ ಕತ್ತಿನ ಹಾಗೆ ಸಣ್ಣಗಾಗುತ್ತ ಆಗುತ್ತ ಒಂದು ಗಳಿಗೆಯಲ್ಲಿ ಪಟ್ಟೆಂದು ಎರಡಾಗುತ್ತದೆ. ನಮ್ಮೂರಲ್ಲಿ ಈ ಕೆಲಸದ ತಂಡಗಳು ಎರಡು. ಒಂದು ದಾಸಪ್ಪನದು, ಇನ್ನೊಂದು ಅವನ ಅಳಿಯನದು. ಮಾವ ಅಳಿಯನಿಗೆ ಮಾತಿಲ್ಲ. ಫಣೀಂದ್ರ ದಾಸಪ್ಪನನ್ನು ಗೊತ್ತು ಮಾಡಿದರು. ಗಂಗೂಬಾಯಿ ಆಗ ಫಣೀಂದ್ರ ಅವರೊಡನೆ ಮಾತು ಬಿಟ್ಟಿದ್ದರಿಂದ, ಅವರಿಗೆ ತಿಳಿಸದೆ ಅಳಿಯನನ್ನು ಗೊತ್ತು ಮಾಡಿದರು. ಇಬ್ಬರೂ ಒಂದೇ ಶುಕ್ರವಾರ ಬೆಳಿಗ್ಗೆ ಬರುತ್ತೇವೆ ಎಂದರು, ಅದು ಒಳ್ಳೆಯ ದಿನವಾಗಿತ್ತು.

ಪೊರೆ ಬಾಯಿ ಬಿಟ್ಟ ಜಾಗ ಅಷ್ಟರಲ್ಲಿ ಅಗಲವಾಗಿ, ಸಂದಿಯ ಮೇಲೆ ಸೇತುವೆಯ ಹಾಗೆ ಒಂದು ಪುಟ್ಟ ದುಂಡು ಕೋಣೆಯೇ ಆಗಿತ್ತು. ಅಂಬುಜಕ್ಕನ ಮಷಿನ್ನು ಅಲ್ಲಿಗೆ ಹೋಗಿತ್ತು. ಮೇಷ್ಟ್ರ ಕುರ್ಚಿಯೂ ಪುಸ್ತಕಗಳೂ ಬಂದಿದ್ದವು. ಆ ಶುಕ್ರವಾರ ದಾಸಪ್ಪ ನಮ್ಮ ಕಡೆಯ ಕೊನೆಗೆ ಹಗ್ಗ ಸುತ್ತಿ, ಒಳಗಿರುವವರು ಈಚೆ ಬರಬೇಕು ಎಂದು ಕೂಗಿದ. ಅಂಬುಜಕ್ಕ, ತಾಸೀಲ್ದಾರರ ಹೆಂಡತಿಯ ರವಿಕೆ, ಒಂದು ತೋಳು ಬಾಕಿ, ಮುಗಿಸಿ ಬರುತ್ತೇನೆ ಅಂದರು. ಆ ಕಡೆ ಗಂಗೂಬಾಯಿ ಮೇಷ್ಟ್ರನ್ನು ಕೂಗಿದರು. ಪುಸ್ತಕ ಎತ್ತಿಕೊಂಡು ಬರುತ್ತೇನೆ ಎಂದು ಒಳಗೆ ಹೋದ ಮೇಷ್ಟ್ರು ಯಾವ ಪುಸ್ತಕವನ್ನೂ ಎತ್ತದೆ ಕುರ್ಚಿಯಲ್ಲಿ ಕೂತರು. ಸಣ್ಣಗಾದರೆ ತಾವೇ ಎದ್ದು ಬರುತ್ತಾರೆ ಎಂದು ದಾಸಪ್ಪ ತಿರುಚಲು ಶುರುಮಾಡಿದ. ಆ ಕೊನೆಯಲ್ಲಿ ಅವನ ಅಳಿಯನೂ ಹಾಗೇ ಅಂದುಕೊಂಡ. ನಡುವೆ ಉಬ್ಬು ಅಡ್ಡವಿದ್ದುದರಿಂದ ಒಬ್ಬರು ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಈ ಹಗ್ಗ ಇವತ್ತು ಯಾಕೋ ಎದುರೆಳೆಯುತ್ತಿದೆಯಲ್ಲ ಎಂದು ದಾಸಪ್ಪ ಎರಡು ಸಲ ಅಂದ.

ನನಗೆ ಮಷಿನ್ನಿನ ಸದ್ದು ಕೇಳುತ್ತಿತ್ತು. ನಮ್ಮ ಕಡೆಯ ಬಾಯಿ ಬಾಗಿಲಿನಷ್ಟಾಯಿತು, ಕಿಟಕಿಯಷ್ಟಾಯಿತು. ಫಣೀಂದ್ರ ಬಗ್ಗಿ, "ಅಕ್ಕ, ಸಾಕು ಬಾ," ಅಂದರು. ಒಳಗೆ ಅಂಬುಜಕ್ಕ ಒರಗಿ ಕೂತಿದ್ದರು. ತಲೆ ಎತ್ತಿ ತಮ್ಮನ ಮುಖ ನೋಡಿದರು. ಸೂಜಿಗೆ ದಾರ ಪೋಣಿಸತೊಡಗಿದರು. ಬಾಯಿ ತಟ್ಟೆಯಷ್ಟಾಯಿತು, ಬಳೆಯಷ್ಟಾಯಿತು. ಫಣೀಂದ್ರ ನಿಲ್ಲಿಸಿ ಎಂದು ಕೈ ಎತ್ತಿದರು, ಆದರೆ ದಾಸಪ್ಪ ಆಗ ಕಣ್ಣು ಮುಚ್ಚಿ ಹಲ್ಲು ಕಚ್ಚಿ ತಿರುಚುತ್ತಿದ್ದ.

ಎರಡು ಕಡೆಯೂ ಒಂದೇ ಸಲಕ್ಕೆ ಪಟ್ಟೆಂದಿತು.

ನಮ್ಮ ಮನೆ ನಮ್ಮ ಕಡೆಗೆ ಕುಸಿದು ನಿಂತಿತು, ಗಂಗೂಬಾಯಿಯ ಮನೆ ಅವರ ಕಡೆಗೆ, ಸಂದಿ ಬೀದಿಯಷ್ಟು ಅಗಲವಾಯಿತು. ನಡುವೆ ಆಟೋರಿಕ್ಷಾಕ್ಕಿಂತ ಸ್ವಲ್ಪ ದೊಡ್ಡದಾದ, ನುಣ್ಣನೆಯ, ಎಲ್ಲೂ ಒಂದು ಮೂಲೆಯಿಲ್ಲದ ಗುಂಡೊಂದು ಸಂದಿಯಲ್ಲಿ ಕೂತಿತ್ತು. ಒಂದು ಗಳಿಗೆ ಕೂತಿತ್ತು ಅಷ್ಟೆ. ಆಮೇಲೆ ಮೋರಿಯ ನೀರು ತಳ್ಳಿದ ಕಡೆಗೆ ನಿಧಾನವಾಗಿ ಉರುಳಲು ಶುರುವಾಯಿತು. ಅದರೊಳಗೆ ಮಬ್ಬಾಗಿ ಅಂಬುಜಕ್ಕನ ಹಳದಿ ಸೀರೆ ಮೇಲೆ ಹೋಗುವುದು, ಕೆಳಗೆ ಬರುವುದು ಕಾಣುತ್ತಿತ್ತು. ಮೇಷ್ಟ್ರು ಮಷಿನ್ನನ್ನು ತಬ್ಬಿಕೊಂಡಿದ್ದರು. ಅದು ಯಾರ ಮೇಲೂ ಬೀಳದಿರಲಿ ಎಂದು ಹಿಡಿದಿದ್ದರಂತೆ. ಫಣೀಂದ್ರ ಮುಂದೆ, ನಾನು ಹಿಂದೆ, ನನ್ನ ಹಿಂದೆ ಗಂಗೂಬಾಯಿ, ಇಬ್ಬರು ಕುಣಿಕೆಯವರು, ಅವರ ತಂಡದವರು ಓಡಿದೆವು. ದಾಸಪ್ಪ ಓಡುತ್ತಲೇ ಅಳಿಯನನ್ನು 'ಮುಠ್ಠಾಳ' ಎಂದು ಬೈದ. ಎಷ್ಟೋ ವರ್ಷದಲ್ಲಿ ಅವನ ಜೊತೆ ಆಡಿದ ಮೊದಲ ಮಾತು ಅದು. ಗುಂಡು ಹಿಟ್ಟಿನ ಗಿರಣಿಯ ತಿರುವು ದಾಟಿ, ಹೈಸ್ಕೂಲಿನ ಮೈದಾನಕ್ಕೆ ಇಳಿದು, ಹುಣಸೆಮರಕ್ಕೆ ತಾಗಿ ನಿಂತಿತು.

ಯಾರೂ ಹತ್ತಿರ ಹೋಗಲಿಲ್ಲ. ಫಣೀಂದ್ರ ಬಿಳಿಚಿಕೊಂಡು ನಿಂತಿದ್ದರು. ಆಗ ಒಳಗಿನಿಂದ ಅಂಬುಜಕ್ಕ ನನ್ನ ಹೆಸರು ಹಿಡಿದು ಕೂಗಿದ್ದು ಕೇಳಿಸಿತು.

"ಸುಗುಣಾ, ತಾಸೀಲ್ದಾರ್ ಮನೆಯವರಿಗೆ ಹೇಳಿಬಿಡು. ತೋಳು ನಾಳೆ ಆಗುತ್ತೆ ಅಂತ."

ಆಮೇಲೆ ಒಳಗೆ ಇಬ್ಬರೂ ನಗುವುದು ಕೇಳಿತು. ಮೊದಲು ಒಬ್ಬರು ಶುರುಮಾಡಿ, ಇನ್ನೊಬ್ಬರು ತಡೆಯಲು ನೋಡಿ, ಆಗದೆ, ಉಸಿರು ಕಟ್ಟಿ ನಗುವಂಥ ನಗೆ. ಹೀಗೆ ಆಗುತ್ತದೆ ಎಂದು ಕೊನೆಯವರೆಗೂ ಗೊತ್ತಿರಲಿಲ್ಲ, ಯಾರಾದರೂ ನಿಲ್ಲಿಸುತ್ತಾರೆ ಅಂದುಕೊಂಡಿದ್ದೆ ಎಂದು ಅಂಬುಜಕ್ಕ ನನಗೆ ಆಮೇಲೆ ಹೇಳಿದರು. ಮೇಷ್ಟ್ರಿಗೆ ಮಾತ್ರ ಎರಡೂ ಕಡೆ ಹಗ್ಗ ಕಂಡ ಕ್ಷಣದಲ್ಲೇ ಗೊತ್ತಾಗಿತ್ತಂತೆ. ಮೈಯೊಳಗೆ ಇದೇ ದಿನವಿಡೀ ನಡೆಯುತ್ತಿರುತ್ತದೆ ಎಂದರು. ಹೇಳಬಾರದಿತ್ತೇ ಎಂದು ನಾನು ಕೇಳಿದರೆ, ಯಾರೂ ಕೇಳ್ಲಿಲ್ಲ ಅಲ್ಲವಾ, ಅಂದರು.

ಬಡಗಿ ವೀರಾಚಾರಿ ಬಂದು ಬಾಗಿಲ ಚೌಕಟ್ಟು ಕೂರಿಸುವವರೆಗೆ ಅವರು ಹೊರಬರುವಂತಿರಲಿಲ್ಲ. ಅಷ್ಟರೊಳಗೆ ಪುರಸಭೆಯವರು ಬಂದು ಸುತ್ತು ಹಾಕಿ ನೋಡಿ, ಒಂದು ಪೊರೆ, ಆದ್ದರಿಂದ ಒಂದು ಮನೆ, ಒಂದು ಸಂಸಾರ ಎಂದು ಬರೆದುಕೊಂಡು ಒಂದು ನಲ್ಲಿ ಮಂಜೂರು ಮಾಡಿ ಹೋದರು. ಮದುವೆಯ ಮಾತು ಯಾರ ಬಾಯಲ್ಲೂ ಬರುವ ಮೊದಲೇ ಸರ್ಕಾರದ ಲೆಕ್ಕದಲ್ಲಿ ಅವರ ಸಂಸಾರ ನಡೆದಿತ್ತು. ಆದರೂ ಚೌಕಟ್ಟು ಕೂತ ಮೇಲಿನ ಭಾನುವಾರ ಅಂಬುಜಕ್ಕ ಹೊಸ ರವಿಕೆ ತೊಟ್ಟು, ಮೇಷ್ಟ್ರು ಇಸ್ತ್ರಿ ಅಂಗಿ ತೊಟ್ಟು, ಹುಣಸೆಮರದ ಕೆಳಗೆ ಹಾರ ಬದಲಾಯಿಸಿಕೊಂಡರು. ಗಂಗೂಬಾಯಿ ಬಂದು ಆರತಿ ಎತ್ತಿದರು. ಫಣೀಂದ್ರ ಬರಲಿಲ್ಲ. ಮನೆಯಲ್ಲಿ ಕೂತು, ಅಕ್ಕನಿಲ್ಲದ ಕೋಣೆಗೆ ಎಣ್ಣೆ ಹಚ್ಚುತ್ತಿದ್ದರು.

ಅಷ್ಟು ಪೊರೆ ಹರಿದುಕೊಂಡು ಹೋದದ್ದರಿಂದ ನಮ್ಮ ಮನೆ ಬಿಗಿಯಾಗಿತ್ತು. ಸೂರು ಒಂದು ಮೊಳ ಕೆಳಗೆ ಬಂದಿತ್ತು. ಫಣೀಂದ್ರ ದಿನಕ್ಕೆರಡು ಸಲ ತಲೆ ತಾಗಿಸಿಕೊಂಡು, ತಾಗಿದಲ್ಲಿ ಉಜ್ಜಿಕೊಂಡು ಹೋಗುತ್ತಿದ್ದರು. ನಾನು ಮೈದಾನಕ್ಕೆ ಹೋಗಿ ಬಂದ ದಿನ ಕೇಳಿಯೂ ಕೇಳದವರ ಹಾಗೆ, ನೀರು ಬರುತ್ತಾ ಅವರಿಗೆ, ಅನ್ನುತ್ತಿದ್ದರು. ಬರುತ್ತದೆ ಅನ್ನುತ್ತಿದ್ದೆ. ಇನ್ನೊಂದು ದಿನ, ಸೆಕೆ ಆಗಲ್ವಾ ಅಂದರು. ಯುಗಾದಿಯ ಮಾರನೆಯ ದಿನ ತಾವಾಗಿಯೇ ಒಬ್ಬಟ್ಟಿನ ಡಬ್ಬಿ ಕೈಗೆತ್ತಿಕೊಂಡು, ನಡಿ, ಅಂದರು.

ಮೈದಾನಕ್ಕೆ ಹೋದಾಗ ಬಾಗಿಲು ಮುಚ್ಚಿತ್ತು. ಒಳಗೆ ಜೋರು ಜಗಳ. ನನ್ನ ಪುಸ್ತಕ ಎಲ್ಲಿ ಇಟ್ಟರೂ ಉರುಳಿ ನಿಮ್ಮ ಬಟ್ಟೆಯ ಮೇಲೇ ಬರ್ತದೆ, ನಾನೇನು ಮಾಡ್ಲಿ ಎಂದು ಮೇಷ್ಟ್ರು. ಮೂವತ್ತು ವರ್ಷದ ಹಳೆಯ ಪುಸ್ತಕಗಳನ್ನು ಯಾರಾದರೂ ಜೊತೆಗೆ ಹೊತ್ತುಕೊಂಡು ಉರುಳುತ್ತಾರಾ, ಮಡಚಿ ಇಟ್ಟ ರವಿಕೆಗೆಲ್ಲ ಹುಳಬಿದ್ದ ಕಾಗದದ ವಾಸನೆ ಎಂದು ಅಂಬುಜಕ್ಕ. ಅವರ ದನಿ ಮೈದಾನದ ಆಚೆ ಕೊನೆಗೂ ಕೇಳುವಂತಿತ್ತು. ಫಣೀಂದ್ರ ಬಾಗಿಲು ತಟ್ಟಲು ಎತ್ತಿದ ಕೈಯನ್ನು ಹಾಗೇ ಇಟ್ಟುಕೊಂಡು ಕೇಳಿದರು. ಹುಟ್ಟಿದಾಗಿನಿಂದ ಅವರು ಅಕ್ಕ ಯಾರ ಮೇಲೂ ದನಿ ಎತ್ತಿದ್ದನ್ನು ಕೇಳಿರಲಿಲ್ಲ. ಒಳಗೆ ಏನೋ ಧಡಬಡ ಉರುಳಿತು. ಮೇಷ್ಟ್ರು ಅಯ್ಯೋ ಅಂದರು. ಅಂಬುಜಕ್ಕ, ಹಿಡ್ಕೊಳ್ಳಿ, ನೋಡ್ತಾ ನಿಂತ್ಕೋಬೇಡಿ, ಅಂದರು.

ಫಣೀಂದ್ರ ಒಬ್ಬಟ್ಟಿನ ಡಬ್ಬಿಯನ್ನು ಸದ್ದಾಗದ ಹಾಗೆ ಹೊಸಿಲ ಮೇಲಿಟ್ಟು, ನನ್ನ ತೋಳು ಹಿಡಿದು ಈಚೆ ಕರೆತಂದರು. ಹಿಟ್ಟಿನ ಗಿರಣಿಯ ತಿರುವಿನಲ್ಲಿ ನಿಂತು, ಒಂದು ನಿಮಿಷ ಇಲ್ಲೇ ಇರು ಎಂದು ನನಗೆ ಹೇಳಿ, ವೀರಾಚಾರಿಯ ಅಂಗಡಿಯ ಮೆಟ್ಟಿಲು ಹತ್ತಿದರು. ಬಾಗಿದ ಕಪಾಟು ಮಾಡಲು ಬರುತ್ತದಾ ಎಂದು ಕೇಳುವುದು ನನಗೆ ಬೀದಿಗೂ ಕೇಳಿಸಿತು.